ಬರೆ ಕುಸಿದ ನಂತರ: ಕೊಡಗಿನ ಕ್ರೈಸ್ತ ಸಮುದಾಯದ ಮುಂದಿರುವ ಸೇವೆಯ ಪ್ರಶ್ನೆಗಳು

2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಬೆಟ್ಟಸಾಲಿನ ಬರೆಗಳು, ಅಂದರೆ ಕಡಿದಾದ ಇಳಿಜಾರುಗಳು, ಹಲವೆಡೆ ಒಟ್ಟೊಟ್ಟಿಗೆ ಕುಸಿದವು. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಕಾಲೂರು, ಹೆಬ್ಬಟ್ಟಗೇರಿ ಮುಂತಾದ ಊರುಗಳ ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳಿಗೆ ಬಂದರು. ಮರುವರ್ಷ ಆಗಸ್ಟ್‌ನಲ್ಲೇ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದಲ್ಲಿ ಬೆಟ್ಟ ಜಾರಿತು. ಕಾವೇರಿ ದಡದ ಕರಡಿಗೋಡು, ನೆಲ್ಯಹುದಿಕೇರಿಗಳಲ್ಲಿ ಮನೆಗಳು ನೀರಿನಲ್ಲಿ ನಿಂತವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಪ್ರಧಾನ ಅರ್ಚಕರ ಮನೆಯೇ ಮಣ್ಣಿನಡಿ ಸೇರಿತು. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ನಡೆದುದನ್ನು ಕೊಡಗಿನವರು ದೂರದ ಸುದ್ದಿಯಾಗಿ ಓದಲಿಲ್ಲ. ಹೀಗಾಗಿ ವಿಕೋಪದ ನಂತರದ ಸೇವೆ ಎಂಬುದು ಇಲ್ಲಿ ಎಂದೋ ಒಮ್ಮೆ ಒದಗುವ ಪುಣ್ಯಕಾರ್ಯವಾಗಿ ಉಳಿದಿಲ್ಲ. ಪ್ರತಿ ಮಳೆಗಾಲಕ್ಕೂ ಮೊದಲು ಯೋಚಿಸಿಟ್ಟುಕೊಳ್ಳಬೇಕಾದ ಕೆಲಸವಾಗಿದೆ.

ಈ ಕೆಲಸದಲ್ಲಿ ಜಿಲ್ಲೆಯ ಕ್ರೈಸ್ತ ಸಮುದಾಯದ ಪಾತ್ರವೇನು, ಅದರ ವಿಶ್ವಾಸಕ್ಕೂ ಅದು ಮಾಡುವ ಸೇವೆಗೂ ಇರುವ ಸಂಬಂಧ ಎಂಥದ್ದು, ಆ ಸಂಬಂಧವನ್ನು ನೆರೆಹೊರೆಯವರು ಹೇಗೆ ನೋಡುತ್ತಾರೆ ಎಂಬುದು ಈ ಲೇಖನದ ವಿಷಯ. 2011ರ ಜನಗಣತಿಯ ಪ್ರಕಾರ ಐದೂವರೆ ಲಕ್ಷ ದಾಟಿದ ಕೊಡಗಿನ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಮೂರು ಮಂದಿ ಮಾತ್ರ. ಆ ಮೂವರೂ ಒಂದೇ ಬಗೆಯವರಲ್ಲ. ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ ಕ್ಯಾಥೊಲಿಕರು, ಬಾಸೆಲ್ ಮಿಷನ್ ಪರಂಪರೆಯಿಂದ ಬಂದ ದಕ್ಷಿಣ ಭಾರತ ಸಭೆಯವರು, ಕೇರಳದಿಂದ ಬಂದು ತೋಟ ಮಾಡಿದ ಸಿರಿಯನ್ ಸಂಪ್ರದಾಯದ ಕುಟುಂಬಗಳು, ಇತ್ತೀಚಿನ ದಶಕಗಳಲ್ಲಿ ಹುಟ್ಟಿದ ಸಣ್ಣ ಪ್ರಾರ್ಥನಾ ಸಭೆಗಳು, ಎಲ್ಲವೂ ಇವೆ. ತೋಟದ ಮಾಲೀಕರೂ ಇದ್ದಾರೆ, ತೋಟದ ಮಾಲೀಕರು ಕಟ್ಟಿಸಿದ ಸಾಲುಮನೆಗಳಾದ ಲೈನ್‌ಮನೆಯಲ್ಲಿ ಬದುಕು ಸವೆಸಿದ ಕೂಲಿಕಾರರೂ ಇದ್ದಾರೆ. ಮನೆ ಕಳೆದುಕೊಂಡವರ ಸಾಲಿನಲ್ಲೂ, ಅನ್ನ ಬಡಿಸಿದವರ ಸಾಲಿನಲ್ಲೂ ಕ್ರೈಸ್ತರು ಇದ್ದರು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ ‘ಚರ್ಚ್ ಕೊಟ್ಟಿತು, ಜನ ಪಡೆದರು’ ಎಂಬ ಸರಳ ಚಿತ್ರ ಇಲ್ಲಿಯ ವಾಸ್ತವಕ್ಕೆ ಹೊಂದುವುದಿಲ್ಲ.

ಇತಿಹಾಸದತ್ತ ನೋಡಿದರಂತೂ ಆ ಚಿತ್ರ ತಲೆಕೆಳಗಾಗುತ್ತದೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಹುಟ್ಟು 1792ರದು. ಶ್ರೀರಂಗಪಟ್ಟಣದ ಸೆರೆಯಿಂದ ಪಾರಾಗಿ ಬಂದ ಕ್ಯಾಥೊಲಿಕರಿಗೆ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ, ತಾನು ಆಗಷ್ಟೇ ಕಟ್ಟುತ್ತಿದ್ದ ಪೇಟೆಯಲ್ಲಿ ನೆಲ ಕೊಟ್ಟು ಇರಗೊಟ್ಟನು. ಕೊಡಗಿನ ಈ ಕ್ರೈಸ್ತ ನೆಲೆ ಆರಂಭವಾದದ್ದೇ ನಿರಾಶ್ರಿತರ ನೆಲೆಯಾಗಿ, ಲಿಂಗಾಯತ ಅರಸನೊಬ್ಬನ ಆಶ್ರಯದಲ್ಲಿ. ಆ ಅರಸ ಆಶ್ರಯಕ್ಕೆ ಪ್ರತಿಯಾಗಿ ಅವರ ವಿಶ್ವಾಸವನ್ನು ಕೇಳಲಿಲ್ಲ. ಇಂದು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡುವ ಯಾವುದೇ ಕ್ರೈಸ್ತ ಸ್ವಯಂಸೇವಕನಿಗೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಸ್ಪಷ್ಟವಾದ ಮೇಲ್ಪಂಕ್ತಿ ಬೇಕಿಲ್ಲ ಎಂದು ನಾನು ನಂಬುತ್ತೇನೆ.

ವಿಕೋಪದ ಬೆನ್ನಲ್ಲೇ ಎಲ್ಲ ಧರ್ಮದವರ ಮುಂದೆಯೂ ಮೊದಲು ನಿಲ್ಲುವುದು ‘ಯಾಕೆ’ ಎಂಬ ಪ್ರಶ್ನೆ. 2018ರಲ್ಲಿ ಇದಕ್ಕೆ ಕೇಳಿಬಂದ ಉತ್ತರಗಳಲ್ಲಿ ಕೆಲವು ಕ್ರೂರವಾಗಿದ್ದವು. ಅದೇ ದಿನಗಳಲ್ಲಿ ಮುಳುಗಿದ್ದ ಕೇರಳದ ಬಗ್ಗೆ, ಶಬರಿಮಲೆ ವಿವಾದದ ಫಲವಿದು, ಗೋಹತ್ಯೆಯ ಫಲವಿದು ಎಂಬ ಮಾತುಗಳು ಸಾರ್ವಜನಿಕವಾಗಿಯೇ ಬಂದವು. ಕ್ರೈಸ್ತರಲ್ಲಿಯೂ ಪ್ರತಿ ಪ್ರವಾಹವನ್ನು ಅಂತ್ಯಕಾಲದ ಗುರುತೆಂದು, ಪಾಪಕ್ಕೆ ಬಂದ ಶಿಕ್ಷೆಯೆಂದು ಸಾರುವ ಬೋಧಕರಿಗೆ ಕೊರತೆಯಿಲ್ಲ. ಈ ಬೋಧನೆ ಶುಭಸಂದೇಶಕ್ಕೆ ನೇರವಾಗಿ ವಿರುದ್ಧವಾದುದು. ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಯೇಸು ಜೆರುಸಲೇಮಿನ ಒಂದು ಅವಘಡವನ್ನು ತಾನೇ ಎತ್ತಿಕೊಳ್ಳುತ್ತಾನೆ: ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಸತ್ತವರು ಊರಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೇ ಎಂದು ಕೇಳಿ, ಅಲ್ಲವೇ ಅಲ್ಲ ಎಂದು ಆತನೇ ಉತ್ತರಿಸುತ್ತಾನೆ. ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಬದುಕುಳಿದವರತ್ತ ತಿರುಗಿ, ನೀವು ಮನಸ್ಸು ತಿರುಗಿಸಿಕೊಳ್ಳದಿದ್ದರೆ ನಿಮಗೂ ಇದೇ ಗತಿ ಎನ್ನುತ್ತಾನೆ.

ಈ ಉತ್ತರದ ಎರಡೂ ಭಾಗಗಳನ್ನು ಕೊಡಗಿನಲ್ಲಿ ಒಟ್ಟಿಗೇ ಓದಬೇಕು. ಮೊದಲ ಭಾಗ ಸತ್ತವರ ಮರ್ಯಾದೆಯನ್ನು ಕಾಯುತ್ತದೆ: ಜೋಡುಪಾಲದಲ್ಲಿ ಮಣ್ಣಿನಡಿ ಸಿಲುಕಿದವರು, ತೋರದಲ್ಲಿ ಮನೆಯೊಂದಿಗೆ ಹೋದವರು, ತಲಕಾವೇರಿಯ ಅರ್ಚಕರ ಕುಟುಂಬ, ಇವರಲ್ಲಿ ಯಾರೂ ಯಾವ ಪಾಪಕ್ಕೂ ದಂಡ ತೆತ್ತವರಲ್ಲ. ಎರಡನೆಯ ಭಾಗ ಬದುಕಿರುವವರನ್ನು, ಅಂದರೆ ನಮ್ಮೆಲ್ಲರನ್ನು, ಸುಮ್ಮನೆ ಬಿಡುವುದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ತಜ್ಞರು 2018ರ ಕುಸಿತಗಳನ್ನು ಪರಿಶೀಲಿಸಿದಾಗ ಅಸಾಧಾರಣ ಮಳೆಯ ಜೊತೆಗೆ ಇಳಿಜಾರುಗಳಲ್ಲಿ ಮನುಷ್ಯ ಮಾಡಿದ ಬದಲಾವಣೆಗಳನ್ನೂ ಕಾರಣವಾಗಿ ಗುರುತಿಸಿದರು. ಇದರ ಬಗೆ ಅರ್ಥವಾಗದಷ್ಟು ಕಠಿಣವಲ್ಲ. ಈ ಬೆಟ್ಟಗಳಲ್ಲಿ ಬಂಡೆಯ ಮೇಲೆ ದಪ್ಪನೆಯ ಸಡಿಲ ಮಣ್ಣಿನ ಹೊದಿಕೆಯಿದೆ. ದಿನಗಟ್ಟಲೆ ಬಿಡದೆ ಸುರಿದ ಮಳೆಯನ್ನು ಕುಡಿದಾಗ ಆ ಮಣ್ಣು ಭಾರವಾಗುವುದಲ್ಲದೆ ಒಳಗಿನ ನೀರಿನ ಒತ್ತಡದಿಂದ ತನ್ನ ಹಿಡಿತವನ್ನೂ ಕಳೆದುಕೊಳ್ಳುತ್ತದೆ. ಅಂಥ ಬೆಟ್ಟದ ಬುಡವನ್ನು ರಸ್ತೆಗೋ ಮನೆಗೋ ಹೋಂಸ್ಟೇಗೋ ಜೆಸಿಬಿ ಹಚ್ಚಿ ನೇರವಾಗಿ ಕಡಿದರೆ ಆಧಾರ ತಪ್ಪುತ್ತದೆ; ನೀರು ಹರಿದುಹೋಗುತ್ತಿದ್ದ ತೋಡನ್ನು ಮುಚ್ಚಿದರೆ ಆ ನೀರು ಮಣ್ಣಿನೊಳಗೇ ದಾರಿ ಹುಡುಕುತ್ತದೆ. ಬರೆ ಕಡಿದು ಮಟ್ಟ ಮಾಡಿದ ಜಾಗಗಳಲ್ಲಿ ಎಲ್ಲ ಸಮುದಾಯದವರ ಕಟ್ಟಡಗಳೂ ನಿಂತಿವೆ.

ಕ್ರೈಸ್ತ ಸಂಸ್ಥೆಗಳ ಶಾಲೆ, ಕಾನ್ವೆಂಟ್, ಆಸ್ಪತ್ರೆ, ವಿದ್ಯಾರ್ಥಿನಿಲಯಗಳೂ ಗುಡ್ಡದ ಮೇಲೆಯೇ ಇವೆ, ಹಲವು ಸಂಸ್ಥೆಗಳಿಗೆ ತೋಟಗಳೂ ಇವೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ವಿಶ್ವಪತ್ರವು ಭೂಮಿಯ ವಿಷಯದಲ್ಲಿ ಮನಪರಿವರ್ತನೆ ಬೇಕೆಂದು ಕೇಳಿದ್ದು ಪ್ರವಚನಪೀಠಗಳಿಂದ ಸಾಕಷ್ಟು ಸಾರಿ ಕೇಳಿಬಂದಿದೆ. ಅದನ್ನು ಕೊಡಗಿನ ಮಟ್ಟಕ್ಕೆ ಇಳಿಸಿದರೆ ಕೇಳಬೇಕಾದ ಪ್ರಶ್ನೆಗಳು ಬಹಳ ಸಾಧಾರಣವಾದವು. ನಮ್ಮ ಆಟದ ಮೈದಾನಕ್ಕಾಗಿ ಕಡಿದ ಬರೆಯ ಕೆಳಗೆ ಯಾರ ಮನೆಗಳಿವೆ? ನಮ್ಮ ಕಾಂಪೌಂಡಿನ ಮಳೆನೀರು ಎಲ್ಲಿಗೆ ಹರಿಯುತ್ತದೆ? ಹೊಸ ಕಟ್ಟಡಕ್ಕೆ ಮುನ್ನ ಮಣ್ಣಿನ ಪರೀಕ್ಷೆ ಮಾಡಿಸಿದ್ದೇವೆಯೇ? ಕುಸಿತದ ನಂತರ ಅಕ್ಕಿ ಹಂಚುವ ಸಂಸ್ಥೆ ಕುಸಿತಕ್ಕೆ ಮೊದಲು ತನ್ನ ಜಾಗದ ತೋಡನ್ನು ತೆರವು ಮಾಡದಿದ್ದರೆ, ಆ ಸೇವೆ ಅರ್ಧದ್ದೇ ಆಗುತ್ತದೆ.

ಇನ್ನು ಮತಾಂತರದ ಅನುಮಾನ. ಇದನ್ನು ಬದಿಗಿಟ್ಟು ಕೊಡಗಿನಲ್ಲಿ ಕ್ರೈಸ್ತ ಸೇವೆಯ ಬಗ್ಗೆ ಪ್ರಾಮಾಣಿಕವಾಗಿ ಬರೆಯಲಾಗದು. ಅನುಮಾನ ಪಡುವವರೆಲ್ಲರೂ ದ್ವೇಷ ಸಾಧಿಸುವವರಲ್ಲ. ಅದಕ್ಕೆ ಇತಿಹಾಸದ ಬೇರೂ ಇದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದವರು, ಆಲಮಂಡ ಮನೆತನದ ಸೋಮಯ್ಯನವರ ಒಡನಾಟದಲ್ಲಿ ಕೊಡಗಿಗೆ ಬಂದು ಕೆಲಸ ಆರಂಭಿಸಿದರು. ತಲೆತಲಾಂತರದಿಂದ ಭೂಮಾಲೀಕರ ನೆಲಕ್ಕೆ ಕಟ್ಟುಬಿದ್ದಿದ್ದ ದಲಿತ ಕೂಲಿ ಕುಟುಂಬಗಳಿಗಾಗಿ ಸಿದ್ದಾಪುರದ ಕಡೆ ಆನಂದಪುರ ಎಂಬ ಊರು ಕಟ್ಟಿದ್ದು ಆ ಕಾಲದಲ್ಲೇ. ಅಲ್ಲಿ ಹೊಸ ಬದುಕು, ಹೊಸ ನೆಲ, ಹೊಸ ಧರ್ಮ ಒಟ್ಟಿಗೆ ಬಂದವು. ಆ ಕುಟುಂಬಗಳ ದೃಷ್ಟಿಯಲ್ಲಿ ಅದು ಬಿಡುಗಡೆ. ಅವರ ದುಡಿಮೆಯನ್ನು ಕಳೆದುಕೊಂಡ ಮಾಲೀಕರ ದೃಷ್ಟಿಯಲ್ಲಿ ಬೇರೆಯೇ ಆಗಿದ್ದಿರಬೇಕು. ನೆಲ, ಅನ್ನ ಮತ್ತು ವಿಶ್ವಾಸ ಒಂದಕ್ಕೊಂದು ಹೆಣೆದುಕೊಂಡ ಆ ಕಾಲದ ನೆನಪು ಜಿಲ್ಲೆಯಲ್ಲಿ ಪೂರ್ತಿ ಅಳಿದಿಲ್ಲ.

ವಿಕೋಪದ ಸಂದರ್ಭ ಮಾತ್ರ ಬೇರೆ. ಮನೆ ಕಳೆದುಕೊಂಡು, ಮಗುವಿನ ಶಾಲೆಯ ಪುಸ್ತಕದಿಂದ ಪಡಿತರ ಚೀಟಿಯವರೆಗೆ ಎಲ್ಲವನ್ನೂ ಮಣ್ಣಿಗೆ ಬಿಟ್ಟು ಬಂದ ಮನುಷ್ಯನಿಗೆ ಬೇಡ ಎನ್ನುವ ಶಕ್ತಿಯೇ ಇರುವುದಿಲ್ಲ. ಆ ಹೊತ್ತಿನಲ್ಲಿ ಕಂಬಳಿಯ ಜೊತೆಗೆ ಕರಪತ್ರವನ್ನೂ ಕೈಗಿಡುವುದು ವಿಶ್ವಾಸದ ಸಾಕ್ಷಿಯಾಗುವುದಿಲ್ಲ, ದುರ್ಬಲನ ಮೇಲಿನ ಒತ್ತಡವಾಗುತ್ತದೆ. ಈ ನಿಲುವು ಹೊರಗಿನವರ ಟೀಕೆಗೆ ಅಂಜಿ ಒಪ್ಪಿಕೊಂಡದ್ದಲ್ಲ ಎಂಬುದನ್ನು ಕ್ರೈಸ್ತರೂ ಕ್ರೈಸ್ತೇತರರೂ ತಿಳಿದಿರುವುದು ಒಳ್ಳೆಯದು. ವಿಕೋಪ ಪರಿಹಾರದಲ್ಲಿ ತೊಡಗಿದ ಸಂಸ್ಥೆಗಳಿಗಾಗಿ 1994ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ನೀತಿಸಂಹಿತೆಯು, ನೆರವು ಕೊಡುವಾಗ ಜನಾಂಗ, ಮತ, ರಾಷ್ಟ್ರೀಯತೆಗಳನ್ನು ನೋಡಬಾರದು, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದೊತ್ತಲು ಬಳಸಬಾರದು ಎಂದು ಹೇಳುತ್ತದೆ. ಆ ಸಂಹಿತೆಯನ್ನು ರೂಪಿಸಿ ಮುಂದಿಟ್ಟ ಸಂಸ್ಥೆಗಳಲ್ಲಿ ಕ್ಯಾಥೊಲಿಕ್ ಸಭೆಯ ಕಾರಿತಾಸ್, ಲೂಥರನ್ ವಿಶ್ವ ಒಕ್ಕೂಟ, ಚರ್ಚುಗಳ ವಿಶ್ವಮಂಡಳಿ ಇದ್ದವು. 2005ರ ಕ್ರಿಸ್ಮಸ್ ದಿನದಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಸಹಿ ಮಾಡಿದ ವಿಶ್ವಪತ್ರವೂ ಇದನ್ನೇ ದೇವಶಾಸ್ತ್ರದ ಭಾಷೆಯಲ್ಲಿ ಹೇಳಿತು: ಪ್ರೀತಿಯನ್ನು ಬೇರೊಂದು ಗುರಿ ಸಾಧಿಸುವ ಉಪಾಯವಾಗಿ ಮಾಡಿಕೊಳ್ಳಬಾರದು, ದೇವರ ಬಗ್ಗೆ ಯಾವಾಗ ಮಾತನಾಡಬೇಕು, ಯಾವಾಗ ಸುಮ್ಮನಿದ್ದು ಪ್ರೀತಿಗೇ ಮಾತು ಬಿಡಬೇಕು ಎಂಬುದು ಕ್ರೈಸ್ತನಿಗೆ ತಿಳಿದಿರಬೇಕು.

ಕಾನೂನಿನ ಕಡೆಯಿಂದಲೂ ಎರಡು ಸಂಗತಿಗಳಿವೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೆಯ ಸೆಕ್ಷನ್, ಪರಿಹಾರ ಮತ್ತು ನೆರವು ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮಗಳ ಆಧಾರದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಇನ್ನೊಂದೆಡೆ, ರಾಜ್ಯದಲ್ಲಿ 2022ರಲ್ಲಿ ಜಾರಿಗೆ ಬಂದ ಮತಾಂತರ ನಿಷೇಧ ಕಾಯ್ದೆಯು ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಮೊದಲಾದವನ್ನು ‘ಆಮಿಷ’ದ ವ್ಯಾಪ್ತಿಗೆ ತಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತಾದರೂ ಆ ಚರ್ಚೆ ಬಿಟ್ಟುಹೋದ ಅಳುಕು ದೊಡ್ಡದು. ಅನಾಥವಾದ ಮಗುವಿಗೆ ಕಾನ್ವೆಂಟಿನ ಸಿಸ್ಟರ್‌ಗಳು ಶುಲ್ಕವಿಲ್ಲದೆ ಪಾಠ ಹೇಳಿದರೆ ಅದು ಯಾವ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಯೋಚಿಸಿ ಹಿಂಜರಿಯುವ ಸ್ಥಿತಿ ಬರಬಾರದು. ಹಿಂಜರಿಕೆಯನ್ನು ಕಳೆಯುವ ದಾರಿ ಸೇವೆಯನ್ನು ಕಡಿಮೆ ಮಾಡುವುದಲ್ಲ, ಒಬ್ಬರೇ ಮಾಡುವುದನ್ನು ಬಿಡುವುದು. ಧರ್ಮಕೇಂದ್ರದ, ಅಂದರೆ ಊರಿನ ಚರ್ಚಿನ ಆಡಳಿತ ಘಟಕದ, ಪರಿಹಾರ ಸಮಿತಿಯಲ್ಲಿ ಊರಿನ ಕೊಡವ ಸಮಾಜದವರು, ಗೌಡ ಸಮಾಜದವರು, ಮಸೀದಿಯ ಜಮಾಅತ್‌ನವರು, ಗ್ರಾಮ ಪಂಚಾಯಿತಿ ಸದಸ್ಯರು ಕುಳಿತು ಫಲಾನುಭವಿಗಳ ಪಟ್ಟಿ ಮಾಡಿದರೆ, ಆ ಪಟ್ಟಿಯ ಬಗ್ಗೆ ಅನುಮಾನಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ. 2018ರಲ್ಲಿ ಶಾಲೆ, ಸಮಾಜ, ಸಮುದಾಯ ಭವನ, ಪ್ರಾರ್ಥನಾಲಯವೆಂಬ ಭೇದವಿಲ್ಲದೆ ಬಾಗಿಲು ತೆರೆದುಕೊಂಡ ಕೊಡಗಿಗೆ ಇದು ಹೊಸ ಪಾಠವೇನಲ್ಲ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಮುಖ್ಯವಾಗಿ ಕಾಣುವುದು ಸಮಯದ ಪ್ರಶ್ನೆ. ಮೊದಲ ವಾರದಲ್ಲಿ ಎಲ್ಲರೂ ಬರುತ್ತಾರೆ. 2018ರಲ್ಲಿ ಮೈಸೂರು, ಬೆಂಗಳೂರು, ಮಂಗಳೂರುಗಳಿಂದ ಲಾರಿಗಟ್ಟಲೆ ಸಾಮಗ್ರಿ ಬಂತು. ಉಡಲಾಗದ ಹಳೆಯ ಬಟ್ಟೆಯ ರಾಶಿಯನ್ನು ವಿಲೇವಾರಿ ಮಾಡುವುದೇ ಒಂದು ಕೆಲಸವಾಯಿತು. ಆದರೆ ಜಂಬೂರು ಮತ್ತು ಮದೆನಾಡಿನಲ್ಲಿ ಪುನರ್ವಸತಿ ಮನೆಗಳ ಕೀಲಿಕೈ ಜನರ ಕೈಸೇರಿದ್ದು 2020ರ ಜೂನ್‌ನಲ್ಲಿ. ಕುಸಿತಕ್ಕೂ ಆ ದಿನಕ್ಕೂ ನಡುವೆ ಹೆಚ್ಚುಕಡಿಮೆ ಎರಡು ವರ್ಷ: ಬಾಡಿಗೆ ಮನೆ, ನೆಂಟರ ಮನೆ, ಹೂಳು ತುಂಬಿದ ಗದ್ದೆ, ಕಾಫಿ ಗಿಡಗಳೊಂದಿಗೆ ಜಾರಿಹೋದ ತೋಟ, ಮಳೆಯ ಸದ್ದಿಗೆ ಬೆಚ್ಚಿ ಏಳುವ ಮಕ್ಕಳು. ಮನೆ ಸಿಕ್ಕ ಮೇಲೂ ತೋಟ ಒಂದು ಕಡೆ, ಮನೆ ಇನ್ನೊಂದು ಕಡೆ ಎಂಬ ಪಾಡು ಹಲವರದು. ಒಂದು ಕಾಲದಲ್ಲಿ ಆಳುಗಳನ್ನು ಇಟ್ಟು ತೋಟ ಮಾಡಿದವರು ಕೂಲಿಗೆ ಹೋಗಬೇಕಾಗಿ ಬಂದಾಗ ಅವರಿಗೆ ಬೇಕಾದದ್ದು ಅಕ್ಕಿ ಚೀಲವಾಗಿರಲಿಲ್ಲ.

ಸಮಾರ್ಯದವನ ಸಾಮತಿಯನ್ನು ಸೇವೆಯ ಪ್ರತಿ ಸಭೆಯಲ್ಲೂ ಓದುತ್ತೇವೆ. ದಾರಿಯಲ್ಲಿ ಬಿದ್ದವನ ಗಾಯಕ್ಕೆ ಎಣ್ಣೆ ಹಚ್ಚಿದ್ದನ್ನು ಹೇಳಿ ಅಲ್ಲಿಗೆ ನಿಲ್ಲಿಸುವುದೇ ಹೆಚ್ಚು. ಆದರೆ ಆತ ಗಾಯಾಳುವನ್ನು ಛತ್ರಕ್ಕೆ ಕರೆದೊಯ್ದು, ರಾತ್ರಿ ಅಲ್ಲೇ ಉಳಿದು, ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗಿ ಬರುವಾಗ ತೀರಿಸುತ್ತೇನೆ ಎಂದು ಹೇಳಿ ಹೋದ ಎಂಬುದೂ ಆ ಕಥೆಯಲ್ಲೇ ಇದೆ. ಆತ ತಾನು ಮತ್ತೆ ಬರುವುದನ್ನು ಲೆಕ್ಕದಲ್ಲಿ ಇಟ್ಟಿದ್ದ. ಆರೈಕೆಯ ಕೆಲಸವನ್ನು ಆ ಕೆಲಸ ಗೊತ್ತಿದ್ದವನಿಗೆ ಒಪ್ಪಿಸಿದ್ದ. ಗುಣವಾದವನಿಂದ ಕೃತಜ್ಞತೆಯನ್ನಾಗಲಿ ಹೆಸರನ್ನಾಗಲಿ ಕೇಳಿರಲಿಲ್ಲ. ಧರ್ಮಕೇಂದ್ರ ಎಂಬುದು ಊರಿನಲ್ಲೇ ಇರುವ ಸಂಸ್ಥೆಯಾದ್ದರಿಂದ ಈ ಎರಡನೆಯ ಭೇಟಿ ಅದಕ್ಕೆ ಸುಲಭ. ಸ್ವಯಂಸೇವಾ ತಂಡಗಳು ಯೋಜನೆ ಮುಗಿದ ಮೇಲೆ ಹೊರಡುತ್ತವೆ, ಅಧಿಕಾರಿಗಳು ವರ್ಗವಾಗುತ್ತಾರೆ. ಫಾದರ್ ಬದಲಾದರೂ ಚರ್ಚು, ಕಾನ್ವೆಂಟು, ಮಹಿಳಾ ಸಂಘಗಳು ಅಲ್ಲೇ ಉಳಿಯುತ್ತವೆ. ಮೈಸೂರು ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯಾದ ಒಡಿಪಿ ಸ್ವಸಹಾಯ ಸಂಘಗಳ ಮೂಲಕ ಕಟ್ಟಿಕೊಂಡು ಬಂದ ಹಾಗಿನ ಸಂಪರ್ಕಜಾಲ ವಿಕೋಪದ ಎರಡನೆಯ, ಮೂರನೆಯ ವರ್ಷದಲ್ಲಿ ನಿಜವಾದ ಬಲವಾಗಬಲ್ಲದು.

ಆ ವರ್ಷಗಳಲ್ಲಿ ಮಾಡಬೇಕಾದ ಕೆಲಸ ಬಹುಪಾಲು ಕಾಗದಪತ್ರದ್ದು. ಕೊಡಗಿನ ಭೂದಾಖಲೆಯ ಸಿಕ್ಕು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯ ಪಹಣಿ, ಒಕ್ಕದ (ಮನೆತನದ) ಹಿರಿಯರಾದ ಪಟ್ಟೆದಾರರ ಹೆಸರಿನಲ್ಲಿರುತ್ತದೆ. ಬೆಳೆ ಕಳೆದುಕೊಂಡವರು ಅದೇ ಒಕ್ಕದ ಬೇರೊಂದು ಮನೆಯವರಾಗಿರುತ್ತಾರೆ, ಪರಿಹಾರದ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪೈಸಾರಿ (ಸರ್ಕಾರಿ) ಜಾಗದಲ್ಲಿ, ನದಿದಡದಲ್ಲಿ ಮನೆ ಕಟ್ಟಿಕೊಂಡ ಕೂಲಿಕಾರರಿಗೆ ಹಕ್ಕುಪತ್ರವೇ ಇರುವುದಿಲ್ಲ. 2019ರ ಪ್ರವಾಹದ ನಂತರ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು; ಆದರೆ ಮನೆ ಕಟ್ಟಲು ತನ್ನದೆಂಬ ಜಾಗವೇ ಇಲ್ಲದವನ ಪಾಲಿಗೆ ಆ ಮೊತ್ತ ಕೈಗೆ ಸಿಗುವುದು ಹೇಗೆ? ಕರಡಿಗೋಡು, ನೆಲ್ಯಹುದಿಕೇರಿಯ ಕುಟುಂಬಗಳು ನಿವೇಶನಕ್ಕಾಗಿ ವರ್ಷಗಟ್ಟಲೆ ಕಾದದ್ದು ಈ ಕಾರಣಕ್ಕೆ. ಲೈನ್‌ಮನೆಯ ಕೂಲಿಕಾರನ ಸ್ಥಿತಿ ಇನ್ನೂ ಕಷ್ಟ: ಬಿದ್ದ ಮನೆ ಮಾಲೀಕನದು, ಹೋದ ಪಾತ್ರೆ ಬಟ್ಟೆ ಮಾತ್ರ ತನ್ನದು. ಯಾದವ, ಯರವ, ಕುರುಬ ಎಂದು ನೋಡದೆ ಅರ್ಜಿ ತುಂಬಿಸಿಕೊಡುವ, ತಹಶೀಲ್ದಾರ್ ಕಚೇರಿಗೆ ಜೊತೆಯಲ್ಲಿ ಹೋಗುವ, ತಿರಸ್ಕೃತವಾದ ಅರ್ಜಿಯ ಕಾರಣವನ್ನು ಕೇಳಿ ಮೇಲ್ಮನವಿ ಬರೆಯುವ ಒಬ್ಬ ಓದಿದ ಯುವಕ ಅಥವಾ ಯುವತಿ ಪ್ರತಿ ಧರ್ಮಕೇಂದ್ರದಲ್ಲಿದ್ದರೆ ಅದು ನೂರು ಕಿಟ್‌ಗಳಿಗಿಂತ ದೊಡ್ಡ ಸೇವೆ. ಇದರ ಫೋಟೊ ಚೆನ್ನಾಗಿ ಬರುವುದಿಲ್ಲ. ಬಹುಶಃ ಅದಕ್ಕೇ ಇದು ಕಡಿಮೆ ನಡೆಯುತ್ತದೆ.

ಹಣದ ಮಾತು ಕೊನೆಗೆ ಬಂದರೂ ಅದರ ತೂಕ ಕಡಿಮೆಯಲ್ಲ. ಚರ್ಚಿನ ಸೇವೆಗೆಲ್ಲ ವಿದೇಶದ ದುಡ್ಡು ಎಂಬ ಮಾತು ಹಳೆಯದು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿಯಿಂದ ಚಿತ್ರ ಬದಲಾಯಿತು. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲು ಶೇಕಡ 50ರಿಂದ 20ಕ್ಕೆ ಇಳಿಯಿತು. ರಾಷ್ಟ್ರಮಟ್ಟದ ಸಂಸ್ಥೆಯೊಂದು ಹಣ ಪಡೆದು ಜಿಲ್ಲೆಯ ಸಣ್ಣ ಸಂಸ್ಥೆಗೆ ಹಂಚುತ್ತಿದ್ದ ದಾರಿ ಇದರಿಂದ ಮುಚ್ಚಿತು. ಅರ್ಜಿ ತುಂಬಿಸುವ ಕಾರ್ಯಕರ್ತೆಯ ಸಂಬಳ ಕೂಡ ಲೆಕ್ಕದ ಪುಸ್ತಕದಲ್ಲಿ ಆಡಳಿತ ವೆಚ್ಚವೆಂದು ಎಣಿಕೆಯಾಗಬಹುದಾದ್ದರಿಂದ, ನಾನು ಮೇಲೆ ಹೇಳಿದಂಥ ನಿಧಾನದ ಕೆಲಸಕ್ಕೇ ಏಟು ಹೆಚ್ಚು. ಈ ನಿರ್ಬಂಧ ಅನೇಕ ಒಳ್ಳೆಯ ಕೆಲಸಗಳನ್ನು ನಿಲ್ಲಿಸಿದೆ ಎಂಬ ಕೊರಗು ನನಗಿದೆ. ಆದರೂ ಅದು ತೆರೆದಿಟ್ಟ ಇನ್ನೊಂದು ದಾರಿ ವಿಶ್ವಾಸದ ಮೂಲಕ್ಕೆ ಹತ್ತಿರವಾದದ್ದು. ಪ್ರೇಷಿತರ ಕಾರ್ಯಕಲಾಪಗಳ ಹನ್ನೊಂದನೆಯ ಅಧ್ಯಾಯದಲ್ಲಿ, ಬರಗಾಲ ಬರಲಿದೆ ಎಂಬ ಸುದ್ದಿ ಕೇಳಿದ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತ್ಯನುಸಾರ ಹಣ ಕೂಡಿಸಿ ಜುದೇಯದವರಿಗೆ ಕಳುಹಿಸಿದ್ದನ್ನು ಓದುತ್ತೇವೆ. ಯಾರೂ ದೊಡ್ಡ ದಾನಿಗಾಗಿ ಕಾಯಲಿಲ್ಲ.

ಸುಂಟಿಕೊಪ್ಪದ ಅಂಗಡಿಯವನು, ಸಿದ್ದಾಪುರದ ತೋಟದವನು, ಕೊಲ್ಲಿ ದೇಶದಲ್ಲಿ ದುಡಿಯುವ ವಿರಾಜಪೇಟೆಯ ನರ್ಸ್ ತಿಂಗಳಿಗಿಷ್ಟು ಎಂದು ಊರಿನ ಪರಿಹಾರ ನಿಧಿಗೆ ಹಾಕಿದರೆ, ಜೂನ್ ತಿಂಗಳಿಗೆ ಮೊದಲೇ ಟಾರ್ಪಾಲು, ಔಷಧಿ, ಜನರೇಟರ್‌ಗೆ ಡೀಸೆಲ್, ಒಬ್ಬ ಕಾರ್ಯಕರ್ತೆಯ ವರ್ಷದ ಸಂಬಳ ಸಿದ್ಧವಿರುತ್ತದೆ. ನಿಧಿ ಊರಿನದಾದಾಗ ಲೆಕ್ಕವನ್ನೂ ಊರಿಗೇ ಕೊಡಬೇಕಾಗುತ್ತದೆ: ಎಷ್ಟು ಬಂತು, ಯಾರಿಗೆ ಯಾವುದಕ್ಕೆ ಹೋಯಿತು, ಎಷ್ಟು ಉಳಿದಿದೆ ಎಂಬುದನ್ನು ಭಾನುವಾರದ ಬಲಿಪೂಜೆಯ ನಂತರ ಓದಿದರೆ ಸಾಲದು, ಪಂಚಾಯಿತಿಯ ಸೂಚನಾ ಫಲಕದಲ್ಲೂ ಅಂಟಿಸಬೇಕು. ಕ್ರೈಸ್ತೇತರ ನೆರೆಯವರು ಆ ನಿಧಿಗೆ ಹಣ ಹಾಕಲು ಮುಂದೆ ಬಂದರೆ ಸ್ವೀಕರಿಸಬೇಕು, ಅವರಲ್ಲಿ ಒಬ್ಬರನ್ನು ಲೆಕ್ಕ ಪರಿಶೀಲಿಸಲು ಕೇಳಿಕೊಳ್ಳಬೇಕು. ಇದಕ್ಕೆ ಯಾವ ಅನುಮತಿಯೂ ವಿದೇಶಿ ಖಾತೆಯೂ ಬೇಕಾಗಿಲ್ಲ. ಮುಂದಿನ ಮುಂಗಾರಿಗೆ ಮೊದಲು ಒಂದು ಸಂಜೆಯ ಸಭೆ ಕರೆದರೆ ಆರಂಭಿಸಬಹುದು.